ಕಾಮಿಡಿ ಶೋದಾಗ ಕಿಳ್ಳೇಕ್ಯಾತ: ಮಂದಿ ಯಾಕ ಸಿಟ್ಟಾದ್ರು?

ಗಂಗಾವತಿ ನಾಟಕ ಹುಡುಗರು:
ಟೀವಿ ಕಾಮಿಡಿ ಶೋ ಒಂದರಾಗ ತೊಗಲುಗೊಂಬಿಯಾಟದ ನಗಿಸೋ ಗಂಡ ಹೆಂಡ್ತಿ ಜೋಡಿ ಕಿಳ್ಳೇಕ್ಯಾತ–ಬಂಗಾರಕ್ಕರನ್ನ ಅಣಕು ಮಾಡಿದ ತುಣುಕು ಎಲ್ಲಾ ಗ್ರೂಪಿನಾಗ ಓಡಾಡಾಕತ್ತೈತಿ. ಸ್ಪಂಜಿನ ಗೊಂಬಿ, ಬಾಯಿ ಪಟಪಟ ಬಡಿತೈತಿ, ಕಿಳ್ಳೇಕ್ಯಾತ ಆ್ಯಂಕರ್ ಕೈಲೆ ಬೈಸಿಕೊಂಡು ಅಳ್ತಾನ. ಸಣ್ಣ ಹುಡುಗರು ಬಿದ್ದು ಬಿದ್ದು ನಗತಾರ. ಗೊಂಬಿಯಾಟ ನೋಡಿ ಬೆಳೆದ ಮಂದಿ ಮಾತ್ರ "ಇವನ್ಯಾವ ಕಿಳ್ಳೇಕ್ಯಾತಲೇ" ಅಂತ ಕಾಮೆಂಟ್ ಹಾಕಾಕತ್ತಾರ. ಇದೇ ಜೋಡಿ ಇಟ್ಕೊಂಡು ಹತ್ತು ನಿಮಿಷದ ಪರದೆ ಸ್ಕಿಟ್ ಮಾಡೋ ವಿಚಾರ ಐತಿ. ಶೋದವರು ತಪ್ಪಿದ್ದೆಲ್ಲಿ? ತೊಗಲು ಸಿಗದಿದ್ರ ಗೊಂಬಿ ಯಾತರಾಗ ಮಾಡಬೇಕು?

ಪರದೆ ಹಿಂದ (ಕೊಪ್ಪಳ):
ಅಣಕು ಮಾಡಿದ್ದಕ್ಕ ಯಾರೂ ಸಿಟ್ಟಾಗಿಲ್ರಿ. ಕಿಳ್ಳೇಕ್ಯಾತನ ಕೆಲಸಾನ ಅಣಕು. ಗಣಪತಿ, ಸರಸ್ವತಿ ಬಂದು ಹೋದ ಮ್ಯಾಲ ಗಂಡ ಹೆಂಡ್ತಿ ಕುಣಕೊಂತ ಬರ್ತಾರ. ಆಮ್ಯಾಲ ಕತಿ ನಡುನಡುವ ನುಗ್ಗಿ ರಾವಣನ್ನೂ ಬಿಡಂಗಿಲ್ಲ, ಊರ ಗೌಡನ್ನೂ ಬಿಡಂಗಿಲ್ಲ, ಮುಂದ ಕುಂತ ಮಂದಿನೂ ಬಿಡಂಗಿಲ್ಲ. ಪೋಲಿ ಮಾತೂ ಇರ್ತಾವ. ಅಂಥವನ್ನ ಶೋದವರು ಬೈಸಿಕೊಳ್ಳೋ ಜಾಗದಾಗ ಕುಂದ್ರಿಸಿದ್ರು. ಆ್ಯಂಕರ್ ಒಂದು ಅಂದ್ರ ಇವ ಮೂರು ಅನಬೇಕಿತ್ತು, ಬಂಗಾರಕ್ಕ ಇಬ್ಬರಿಗೂ ಸೇರಿಸಿ ಬಾರಿಸಬೇಕಿತ್ತು. ಆಕಿಗೆ ಎರಡ ಮಾತು ಕೊಟ್ಟಾರ, ಎರಡೂ ಸೀರಿ ಬಗ್ಗೆ! ನನ್ನ ಕೇಳಿದ್ರ ಇದ ದೊಡ್ಡ ತಪ್ಪು.

ಇನ್ನ ಗೊಂಬಿ ಮೈ ವಿಚಾರ. ಸ್ಪಂಜಿನ ಬಾಯಿಗೊಂಬಿ ಅಂದ್ರ 1969ರಾಗ ಶುರುವಾದ ಅಮೆರಿಕದ ಸೆಸಮಿ ಸ್ಟ್ರೀಟ್ ಮನಿಮನಿಗೂ ಮುಟ್ಟಿಸಿದ ಪದ್ಧತಿ. ಆಡಿಸಾವರ ಬಲಗೈ ಗೊಂಬಿ ತಲಿಯೊಳಗ, ಎಡಗೈಯಾಗ ಗೊಂಬಿ ಕೈಯಿನ ಕಡ್ಡಿ. ಅಲ್ಲಿ ನಗಿ ಬರೋದು ಬಾಯಿಂದ, ಕ್ಯಾಮೆರಾ ಕಡೆ ತಿರುಗೋ ಕಣ್ಣಿಂದ. ಕಿಳ್ಳೇಕ್ಯಾತ ನಿಮ್ಮನ್ನ ನೋಡಂಗಿಲ್ಲ, ಅವಂದು ಪಕ್ಕದ ಮುಖ. ನಗಿ ಬರೋದು ಸಡಿಲಾದ ಕೀಲಿಂದ. ಕಡ್ಡಿ ಗಕ್ಕನ ನಿಲ್ಲಿಸಿದ್ರ ಡೊಳ್ಳುಹೊಟ್ಟಿ ನಿಲ್ತೈತಿ, ಕೈಕಾಲು ಇನ್ನೂ ತೂಗಾಡ್ತಿರ್ತಾವ. ಆ ಹೊತ್ತಿನಾಗ ಮದ್ದಳಿ ಒಂದು ಪೆಟ್ಟು ಬಿದ್ರ ಮಾತ ಬ್ಯಾಡ.

ಕೋಟೆ ಕೆಳಗೆ (ಬಳ್ಳಾರಿ):
ಹೊಸತನದ ಮೇಲಿನ ಸಿಟ್ಟಲ್ಲ ಅನ್ನುವುದು ನಿಜ. ನಮ್ಮ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲುಗೊಂಬೆಯಲ್ಲಿ ತಂದಾಗ ಜನ ಕೂತು ನೋಡಿದರು. ಆದರೆ ಕಾಮೆಂಟುಗಳಲ್ಲಿ ಇನ್ನೊಂದು ನೋವೂ ಕಾಣುತ್ತದೆ, ಅದನ್ನು ಪರದೆ ಹಿಂದ ಅವರು ಬಿಟ್ಟಿದ್ದಾರೆ. ಕಿಳ್ಳೇಕ್ಯಾತ ಅನ್ನುವುದು ಗೊಂಬೆ ಆಡಿಸುವ ಜನರ ಹೆಸರೂ ಹೌದು. ಶಿಳ್ಳೇಕ್ಯಾತರು ಅಂತಲೂ ಕರೆಯುವ ಇವರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವವರು. ಹೆಚ್ಚಾಗಿ ಆ ಮನೆತನಗಳ ಕೈಯಲ್ಲೇ ಈ ಆಟ ಉಳಿದಿದೆ, ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದೂ ಇದಕ್ಕೇ. ಕಿಳ್ಳೇಕ್ಯಾತ ತನ್ನ ಕಪ್ಪು ಮೈ, ದಪ್ಪ ತುಟಿಯನ್ನು ತಾನೇ ಆಡಿಕೊಂಡರೆ ಆಟ. ಸೂಟು ಹಾಕಿದ ಆ್ಯಂಕರ್ ಅದನ್ನೇ ಎತ್ತಿ ಆಡಿದರೆ ಜಾತಿ ನಿಂದನೆಯ ವಾಸನೆ ಹೊಡೆಯುತ್ತದೆ. ಸ್ಕ್ರಿಪ್ಟ್ ಬರೆದ ಮೇಲೆ ಮೇಳದ ಕಲಾವಿದರೊಬ್ಬರಿಗೆ ಓದಿ ಹೇಳಿ, ಅದಕ್ಕೆ ಸಂಭಾವನೆ ಕೊಡಿ. "ಸ್ವಲ್ಪ ನೋಡಿ ಹೇಳ್ರಿ" ಅಂತ ಪುಕ್ಕಟೆ ಕೇಳಬೇಡಿ.

ಉಳಿ ಸುತ್ತಿಗೆ (ಕೊಪ್ಪಳ):
ಗೊಂಬಿ ವಿಷಯಕ್ಕ ಬರ್ತೀನಿ. ಅಸಲಿ ಗೊಂಬಿ ಆಡಿನ ತೊಗಲಿಂದು: ಕೂದಲು ತಗದು, ಹೆರೆದು, ಬಿಗಿಯಾಗಿ ಎಳೆದು ಒಣಗಿಸ್ತಾರ, ಬೆಳಕು ಹಾಯೋ ಹಂಗ. ನೀವು ಕಲಿಯೋಕ ದಪ್ಪನೆ ಪಾರದರ್ಶಕ ಪ್ಲಾಸ್ಟಿಕ್ ಹಾಳಿ ತಗೋರಿ, 250 ಮೈಕ್ರಾನ್ ಇದ್ರ ಸಾಕು. 100 ಮೈಕ್ರಾನಿಂದು ಕುಣಿಸುವಾಗ ಮಡಚಿಕೊಂತೈತಿ. ಡ್ರಾಯಿಂಗ್ ಶೀಟ್ ಬ್ಯಾಡ, ಬಣ್ಣ ಎಷ್ಟ ಹಚ್ಚಿದ್ರೂ ಪರದೆ ಮ್ಯಾಲ ಕರಿ ನೆರಳ ಬೀಳ್ತೈತಿ. ಗಾಜಿನ ಬಣ್ಣ ಇಲ್ಲಾ ಪರ್ಮನೆಂಟ್ ಮಾರ್ಕರ್ ಎರಡೂ ಬದಿಗೆ ಹಚ್ಚರಿ. ಪೋಸ್ಟರ್ ಬಣ್ಣ ಬೆಳಕು ತಡಿತೈತಿ, ಒಣಗಿದ ಮ್ಯಾಲ ಉದರ್ತೈತಿ.

ಎತ್ತರ ಒಂದೂವರೆ ಅಡಿ ಇರಲಿ. ತಲಿ ಮತ್ತು ಹೊಟ್ಟಿ ಒಂದ ತುಂಡು. ಪ್ರತಿ ಕೈ ಎರಡು ತುಂಡು, ಪ್ರತಿ ಕಾಲು ಎರಡು. ಕೀಲಿನಾಗ ಒಂದರ ಮ್ಯಾಲೊಂದು ಒಂದು ಸೆಂಟಿಮೀಟರ್ ಕೂಡಿದ್ರ ಸಾಕು, ಹೆಚ್ಚಾದ್ರ ಅಲ್ಲಿ ಕಪ್ಪು ಪಟ್ಟಿ ಕಾಣತೈತಿ. 2 ಮಿ.ಮೀ. ತೂತಿಗೆ ಹತ್ತಿ ದಾರ ಹಾಕಿ ಎರಡೂ ಕಡೆ ಗಂಟು ಹಾಕ್ರಿ. ಗಂಟು ಬಿಗಿಯೋ ಮುಂಚೆ ಸೂಜಿ ಒಂದನ್ನ ನಡುವ ಇಟ್ಟು ಆಮ್ಯಾಲ ಎಳಕೋರಿ, ಬೇಕಾದಷ್ಟ ಸಡಿಲ ಉಳಿತೈತಿ. ಪೂರ್ತಿ ಬಿಗಿದ್ರ ಕೈ ಎತ್ತಿದ್ದು ಎತ್ತಿದಂಗ ನಿಲ್ತೈತಿ. ಬಿದಿರ ಕಡ್ಡಿ ಉದ್ದಕ್ಕ ಸೀಳಿ, ಗೊಂಬಿ ನಡು ಸಿಗಿಸಿ, ನೆತ್ತಿ, ಎದಿ, ಸೊಂಟ ಮೂರು ಕಡೆ ಕಟ್ರಿ. ಒಂದ ಕಡೆ ಕಟ್ಟಿದ್ರ ಗೊಂಬಿ ಕಡ್ಡಿ ಸುತ್ತ ಗಿರಕಿ ಹೊಡಿತೈತಿ. ಮುಂಗೈಗೆ ಬ್ಯಾರೆ ಸಣ್ಣ ಕಡ್ಡಿ. ಕಾಲಿಗೆ ಕಡ್ಡಿ ಕಟ್ಟಬ್ಯಾಡ್ರಿ, ಅವು ತಾವ ಕುಣಿಬೇಕು.

ಗಂಗಾವತಿ ನಾಟಕ ಹುಡುಗರು:
ಹಾಳಿ ತಂದ್ವಿ. ಇನ್ನೊಂದು: ಟ್ಯೂಬ್‌ಲೈಟ್ ಮುಂದ ಸುಮ್ನ ಒಂದು ತುಂಡು ಹಿಡಿದು ಮೊಬೈಲಿನಾಗ ನೋಡಿದ್ರ ಅಂಚು ಮಸುಕು, ವಿಡಿಯೋದಾಗ ಪಟ್ಟಿಪಟ್ಟಿ ಓಡ್ತಾವ.

ಫಿಲಮೆಂಟ್ (ರಾಯಚೂರು):
ಟ್ಯೂಬ್ ಉದ್ದಕ್ಕ ಅದ, ಬೆಳಕು ನಾಲ್ಕು ಅಡಿಯಿಂದ ಬರ್ತದ, ಹಂಗಾಗಿ ನೆರಳಿನ ಅಂಚು ಹರಡ್ತದ. ಸಾಲುಸಾಲು ಎಲ್ಇಡಿ ಪ್ಯಾನಲ್‌ದೂ ಅದೇ ಕತಿ. 100 ವ್ಯಾಟಿನ ಸಾದಾ ಬುರುಡೆ ಬಲ್ಬ್ ಒಂದು ಸಾಕು. ಪರದೆಯಿಂದ ಮೂರಡಿ ಹಿಂದ, ಆಡಿಸೋರ ತಲಿಗಿಂತ ಮ್ಯಾಲ ಕಟ್ರಿ, ಇಲ್ಲಾಂದ್ರ ನಿಮ್ಮ ತಲಿ ನೆರಳೂ ಪರದೆ ಮ್ಯಾಲ ಕುಣಿತದ. ಬಿಳಿ ಧೋತರ ಸುಕ್ಕಿಲ್ಲದಂಗ ಎಳೆದು ಕಟ್ಟಿ, ಕೆಳಗ ಕರಿ ಕಂಬಳಿ ಬಿಡ್ರಿ. ಗೊಂಬಿ ಬಟ್ಟಿಗೆ ಹತ್ತಿಕೊಂಡೇ ಇರಬೇಕು. ನಾಲ್ಕು ಬೆರಳು ಹಿಂದ ಸರಿದ್ರ ದೊಡ್ಡದಾಗಿ ಮಸುಕಾಗ್ತದ. ಕಿಳ್ಳೇಕ್ಯಾತ ಬಂಗಾರಕ್ಕಗ ಹೆದರಿ ಓಡುವಾಗ ಬೇಕಂತಲೇ ಹಂಗ ಮಾಡಬಹುದು, ಭಾಳ ಚಂದ ಕಾಣ್ತದ.

ಪಟ್ಟಿ ಓಡೋದು ಕರೆಂಟಿನ ಸಲುವಾಗಿ. ನಮ್ಮದು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗ್ತದ. ಮೊಬೈಲಿನ ಪ್ರೊ ಮೋಡಿನಾಗ ಶಟರ್ 1/50 ಇಡ್ರಿ, 1/60 ಇದ್ರ ಪಟ್ಟಿ ಬರ್ತದ. ಎಕ್ಸ್‌ಪೋಶರ್ ಲಾಕ್ ಮಾಡೋದು ಖಾಲಿ ಪರದೆ ನೋಡಿ ಅಲ್ಲ, ಗೊಂಬಿ ನಿಲ್ಲಿಸಿ. ಆಟೋದಾಗ ಬಿಟ್ರ ಗೊಂಬಿ ಬಂದು ಹೋದಂಗೆಲ್ಲ ಪರದೆ ಬೆಳ್ಳಗ, ಕಪ್ಪಗ ಆಗ್ತದ. ಮತ್ತ ಮುಂದಿನ ಲೈಟೆಲ್ಲ ಆರಿಸ್ರಿ, ಪಂಖಾನೂ ಬಂದ್ ಮಾಡ್ರಿ, ಪರದೆ ಉಬ್ಬಿದ್ರ ಗೊಂಬಿ ಹತ್ತಂಗಿಲ್ಲ.

ಪರದೆ ಹಿಂದ (ಕೊಪ್ಪಳ):
ಸ್ಕಿಟ್ಟಿನಾಗ ಆ ಟೀವಿ ಆ್ಯಂಕರ್‌ದೂ ಒಂದು ಗೊಂಬಿ ಕೊರಿರಿ, ಸೂಟು ಬೂಟು ಸಮೇತ. ಕೀಲು ಮಾತ್ರ ಹಾಕಬ್ಯಾಡ್ರಿ, ಕಟ್ಟಿಗಿ ಹಂಗ ನಿಲ್ಲಲಿ. ಉಳಿದಿದ್ದನ್ನ ಬಂಗಾರಕ್ಕ ನೋಡಕೊಂತಾಳ.