‘ನಡ್ಜ್’ ಅನ್ನೋದಕ್ಕೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ವಿನೋಬನಗರದ ನಮ್ಮ ಬೀದಿಯವರು ಸೇರಿ ಕರೆಂಟ್ ಉಳಿತಾಯದ ಚೀಟಿ ಮಾಡಿಸುತ್ತಿದ್ದೇವೆ. 22 ಮನೆಯವರು ಬಿಲ್ ತೋರಿಸಲು ಒಪ್ಪಿದ್ದಾರೆ. ಐದು ಗಂಟೆಗೆ ದುರ್ಗಿಗುಡಿಯ ಪ್ರೆಸ್ಸಿಗೆ ಕೊಡಬೇಕು. ‘ನಡ್ಜ್’ಗೆ ಪದ ಸಿಗುತ್ತಿಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಹೇಳುವ ನಡ್ಜ್. ಬಲವಂತ ಇಲ್ಲ, ದಂಡ ಇಲ್ಲ, ದರ ಏರಿಸೋದೂ ಇಲ್ಲ. ಜನ ತಾವಾಗೇ ಆ ಕಡೆ ವಾಲಬೇಕು. ನನ್ನ ವಾಕ್ಯ: ‘ಪಕ್ಕದ ಮನೆಗಳ ಬಳಕೆ ತೋರಿಸುವುದೂ ಒಂದು ______.’ ‘ಪ್ರಚೋದನೆ’ ಅಂತ ಹಾಕಿದ್ದೆ. ಮನೆಯಲ್ಲಿ ನಕ್ಕರು.

ತೀರ್ಥಹಳ್ಳಿಯಿಂದ:
ನಗದೆ ಇನ್ನೇನು. ಪ್ರಚೋದನೆ ಪೊಲೀಸ್ ಕೇಸಿನ ಮಾತು. ‘ತಿವಿತ’ ಅನ್ನಿ. ಅಚ್ಚಗನ್ನಡ. ಮುಗಿಯಿತು.

ಸಾಗರದಿಂದ:
ಮುಗಿಯಲಿಲ್ಲ ಮಾರಾಯರೇ. ಬಾರುಕೋಲಲ್ಲಿ ತಿವಿದರೆ ಎತ್ತು ಮುಂದೆ ಹೋಗಲೇಬೇಕು. ಇಲ್ಲಿ ಹೋಗದೆ ನಿಲ್ಲುವುದಕ್ಕೂ ಅವಕಾಶ ಇರಬೇಕು, ಅಲ್ವಾ? ‘ಒತ್ತಾಸೆ’ ಹಾಕಿ. ಒತ್ತೂ ಇದೆ, ಆಸೆಯೂ ಇದೆ. ಹೇಳಿ ಮಾಡಿಸಿದ ಹಾಗಿದೆ.

ತೀರ್ಥಹಳ್ಳಿಯಿಂದ:
ಆಸೆ ಎಲ್ಲಿಯದು? ‘ಆಶಾ’ದ ತದ್ಭವ. ಅದೂ ಅಲ್ಲದೆ ಒತ್ತಾಸೆ ಅಂದರೆ ಬೆಂಬಲ, ಚುನಾವಣೆಗೆ ನಿಂತವರಿಗೆ ಕೊಡೋದು. ತಿವಿತ ಒಗ್ಗದಿದ್ದರೆ ‘ಮೆಲುದಟ್ಟು’ ಮಾಡಿಕೊಳ್ಳಿ. ಮೆಲುದನಿಯ ಹಾಗೆ.

ಸಾಗರದಿಂದ:
ಮೆಲುದಟ್ಟು! ದೊಣ್ಣೆ ಬೀಸಿದ ಹಾಗೆ ಕೇಳುತ್ತದೆ.

ಕೊಪ್ಪದಿಂದ:
ಪದ ಹಾಗಿರಲಿ. ಬರೀ ಪಕ್ಕದ ಮನೆ ಲೆಕ್ಕ ಕೊಟ್ಟರೆ ಎಡವಟ್ಟಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಮನೆಬಾಗಿಲಿಗೆ ಇಂಥದೇ ಚೀಟಿ ನೇತುಹಾಕಿ ನೋಡಿದ್ದರು. 2007ರಲ್ಲಿ ವರದಿ ಬಂತು. ಜಾಸ್ತಿ ಉರಿಸುತ್ತಿದ್ದವರು ಇಳಿಸಿದರು, ಸರಿ. ಕಮ್ಮಿ ಉರಿಸುತ್ತಿದ್ದವರು ‘ಓಹೋ, ನಾವೇ ಸುಮ್ನೆ ಕೈ ಹಿಡಿಯುತ್ತಿದ್ದೇವಾ’ ಅನ್ನೋ ಥರ ಏರಿಸಿಬಿಟ್ಟರು! ಲೆಕ್ಕದ ಜೊತೆ ಒಂದು ನಗುಮುಖ ಬರೆದು ಕೊಟ್ಟಿದ್ದ ಮನೆಗಳಲ್ಲಿ ಮಾತ್ರ ಆ ಏರಿಕೆ ಕಾಣಲಿಲ್ಲ. ಆಮೇಲೆ ಅಮೆರಿಕದಲ್ಲಿ ಲಕ್ಷಗಟ್ಟಲೆ ಮನೆಗೆ ಇಂಥ ಪತ್ರ ಕಳಿಸಿ ಅಳೆದಾಗ ಸಿಕ್ಕ ಉಳಿತಾಯ ಸರಾಸರಿ ನೂರಕ್ಕೆ ಎರಡು. ಬೆಟ್ಟ ಅಗೆದದ್ದೇನಲ್ಲ. ಆದರೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ದುಡ್ಡು ಉಳಿಯುತ್ತೆ ಅಂತ ಹೇಳೋ ಹಾಗಿಲ್ಲವಲ್ಲ. ಅಲ್ಲಿ ಪಕ್ಕದ ಮನೆಯೇ ಗತಿ.

ಇನ್ನೊಂದು. ನಮ್ಮ ಕಡೆ ಮಳೆಗಾಲಕ್ಕೆ ಮೀಟರ್ ಓಡಿಸೋದು ಗೀಸರ್. 2 ಕಿಲೋವ್ಯಾಟಿನದು ಅರ್ಧ ಗಂಟೆ ಕಾದರೆ 1 ಯೂನಿಟ್. ನಮ್ಮ ಬಚ್ಚಲಲ್ಲಿ ಹಂಡೆಯೊಲೆ ಇನ್ನೂ ಇದೆ. ಅದರ ಮೇಲೆ ಈಗ ಸೋಪಿನಪುಡಿ ಡಬ್ಬ ಕೂತಿದೆ. ಅದನ್ನೂ ಚೀಟಿಯಲ್ಲಿ ಬರೆಯಿರಿ.

ತೀರ್ಥಹಳ್ಳಿಯಿಂದ:
ಮೀಟರ್, ಬಿಲ್, ಕರೆಂಟ್, ಗೀಸರ್. ಹೀಗೇ ಬಿಟ್ಟುಕೊಳ್ಳುತ್ತಾ ಹೋದರೆ ಕನ್ನಡಕ್ಕೆ ಉಳಿಯೋದು ವಿಭಕ್ತಿ ಪ್ರತ್ಯಯ ಒಂದೇ.

ಸಾಗರದಿಂದ:
ಕರೆಂಟ್ ಹೋಯಿತು ಅಂತ ನಮ್ಮ ಅಜ್ಜಿಯೂ ಅನ್ನುತ್ತಿದ್ದರು, ಅವರ ಕನ್ನಡಕ್ಕೆ ಏನೂ ಆಗಲಿಲ್ಲ. ನೀವು ಲೈನ್‌ಮನ್‌ಗೆ ಫೋನ್ ಮಾಡಿ ‘ಮಿಂಚು ಹೋಯಿತು’ ಅನ್ನಿ. ‘ಸಿಡಿಲು ಎಲ್ಲಿ ಹೊಡೀತು’ ಅಂತ ಕೇಳುತ್ತಾನೆ.

ತೀರ್ಥಹಳ್ಳಿಯಿಂದ:
ಲೇವಡಿ ವಾದವಲ್ಲ. ಫೋನ್ ಅನ್ನೋದಕ್ಕೂ ಬರುತ್ತೇನೆ, ತಡೆಯಿರಿ.

ಶಿವಮೊಗ್ಗದಿಂದ:
ತಡೆಯೋಕೆ ಆಗಲ್ಲ ಸರ್, ನಾಲ್ಕೂಮುಕ್ಕಾಲು ಆಯಿತು. ಆ ವಾಕ್ಯವನ್ನೇ ಕಿತ್ತುಹಾಕಿದೆ. ‘ನಮ್ಮ ಬೀದಿಯ ಮನೆಗಳ ಬಳಕೆ ಇಷ್ಟು. ನಿಮ್ಮದು ಇಷ್ಟು’ ಅಂತ ಎರಡು ಸಾಲು, ಅಂಕಿ ತುಂಬಲು ಜಾಗ, ಕೆಳಗೆ ಹಂಡೆಯ ವಿಷಯ. ನಗುಮುಖ ಕೈಯಲ್ಲೇ ಬರೆಯುತ್ತೇವೆ, ಕಮ್ಮಿ ಇದ್ದವರಿಗೆ ಮಾತ್ರ. ಕೊಪ್ಪದವರಿಗೆ ಥ್ಯಾಂಕ್ಸ್.

ತೀರ್ಥಹಳ್ಳಿಯಿಂದ:
ಥ್ಯಾಂಕ್ಸಾ?