ಕಾಲೇಜಿನಿಂದ ಪೇಟೆಗೆ ಯಾವ ಕೆಲಸ ಆಗಬೇಕು?

ಪ್ರಶ್ನೆ: ಕನ್ನಡ ಅಧ್ಯಾಪಕಿ, ಕಾಸರಗೋಡು

ನಮ್ಮ ವಿದ್ಯಾರ್ಥಿಗಳು ಬೆಳಿಗ್ಗೆ ಬಸ್ಸಿಳಿದು ನೇರ ತರಗತಿಗೆ ಬರುತ್ತಾರೆ, ಸಂಜೆ ಹಾಗೆಯೇ ಮರಳುತ್ತಾರೆ. ಪೇಟೆಯವರೊಡನೆ ಅವರಿಗೆ ಬೇರೆ ಒಡನಾಟವಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕಾಗಿದ್ದು, ನಮ್ಮಲ್ಲಿ ಅದರ ಬಹುಪಾಲು ರಸ್ತೆಬದಿಯ ಕಸ ಹೆಕ್ಕುವುದರಲ್ಲಿ ಸಲ್ಲುತ್ತದೆ. ಆ ಕೆಲಸವೂ ಬೇಕು. ಆದರೆ ಕನ್ನಡ, ಮಲಯಾಳ, ತುಳು ಮೂರನ್ನೂ ಬಲ್ಲ ಮಕ್ಕಳಿಂದಲೇ ಆಗಬಹುದಾದ ಕೆಲಸ ಯಾವುದೆಂದು ತಿಳಿದವರು ಹೇಳಬೇಕು.

ಉತ್ತರ: ನಿವೃತ್ತ ಕಂದಾಯ ನೌಕರ, ಮಂಜೇಶ್ವರ

ಟೀಚರೇ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೂ ಕನ್ನಡ ಮಾತ್ರ ಓದಬಲ್ಲ ಹಿರಿಯರು, ಮಲಯಾಳದಲ್ಲಿ ಬಂದ ನೋಟೀಸನ್ನು ಹಿಡಿದುಕೊಂಡು, ಓದಿ ಹೇಳುವವರಿಗಾಗಿ ಕಚೇರಿಯ ಜಗಲಿಯಲ್ಲಿ ಕಾಯುವುದನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ. ವಾರಕ್ಕೊಂದು ಮಧ್ಯಾಹ್ನ ಇಬ್ಬರು ಮಕ್ಕಳು ಪೇಟೆಯ ಗ್ರಂಥಾಲಯದಲ್ಲಿ ಕುಳಿತು ಪಿಂಚಣಿ, ರೇಷನ್ ಕಾರ್ಡು, ಜಾಗದ ತೀರ್ವೆಯ ಕಾಗದಗಳನ್ನು ಓದಿ ಹೇಳಿ, ಅರ್ಜಿ ಬರೆದುಕೊಟ್ಟರೆ ಸಾಕು. ಯಾರ ದಾಖಲೆಯ ಪ್ರತಿಯನ್ನೂ ಅವರು ಇಟ್ಟುಕೊಳ್ಳಬಾರದು. ಕೆಲಸ ಆಗುತ್ತದೆಂಬ ಭರವಸೆಯನ್ನೂ ಕೊಡಬಾರದು.

ಉತ್ತರ: ಭೂವಿಜ್ಞಾನ ವಿದ್ಯಾರ್ಥಿ

ನನ್ನದು ನೀರಿನ ಮಾತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಜಿಲ್ಲೆಯಲ್ಲಿ, ಮುರಕಲ್ಲಿನ ಗುಡ್ಡೆಗಳಿಂದ ನೀರು ಬೇಗನೆ ಇಳಿದುಹೋಗುವುದರಿಂದ, ಬೇಸಗೆಗೆ ಬಾವಿಗಳು ಬತ್ತುತ್ತವೆ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಒಸರುವ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ಯಾವ ಸುರಂಗದಲ್ಲಿ ಯಾವ ತಿಂಗಳವರೆಗೆ ನೀರಿದೆ, ಹತ್ತಿರ ಕೊಳವೆಬಾವಿ ಬಂದ ಮೇಲೆ ಏನಾಯಿತು ಎಂಬುದನ್ನು ಮನೆಯವರಿಂದ ಕೇಳಿ ನಕ್ಷೆಯಲ್ಲಿ ಗುರುತಿಸಬಹುದು. ಹಳೆಯ ಸುರಂಗದೊಳಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ. ಗಾಳಿ ಸಾಲದು, ಮಣ್ಣು ಕುಸಿಯಲೂಬಹುದು.

ಉತ್ತರ: ಗ್ರಂಥಾಲಯದ ಕಾರ್ಯಕರ್ತೆ, ಎಣ್ಮಕಜೆ

ಎಂಡೋಸಲ್ಫಾನ್ ಸಿಂಪಡಣೆಯಿಂದ ನೊಂದ ನಮ್ಮ ಊರಿನ ಮನೆಗಳಿಗೆ ಪ್ರಶ್ನಾವಳಿ ಹಿಡಿದು ಬಂದವರಿಗೆ ಲೆಕ್ಕವಿಲ್ಲ. ಬರೆದುಕೊಂಡು ಹೋದದ್ದರಿಂದ ಏನು ತಿಳಿಯಿತೆಂದು ಮರಳಿ ಬಂದು ಹೇಳಿದವರು ಅಪರೂಪ. ಆದ್ದರಿಂದ ನಕ್ಷೆಯ ಒಂದು ಪ್ರತಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಸಿದ್ಧವಾಗಿ ಆಯಾ ವಾರ್ಡಿನ ಜನರ ಕೈಸೇರಬೇಕು, ಅದನ್ನು ಓದಿ ಅವರು ತಪ್ಪು ತಿದ್ದುವುದಕ್ಕೆ ಅವಕಾಶವಿರಬೇಕು. ಇದಕ್ಕೆ ಒಪ್ಪುವುದಾದರೆ ಮನೆಮನೆಗೆ ಕರೆದುಕೊಂಡು ಹೋಗುವ ಹೊಣೆ ನನ್ನದು.

ಅಧ್ಯಾಪಕಿ: ಖಂಡಿತ ಒಪ್ಪಿದೆ. ಅರ್ಜಿ ಬರೆಯುವ ಕೆಲಸವನ್ನು ಮೊದಲು ಆರಂಭಿಸುತ್ತೇವೆ. ಸುರಂಗಗಳ ಕೆಲಸಕ್ಕೆ ಮಳೆಗಾಲ ಮುಗಿಯಲಿ.