ಅಪ್‌ಡೇಟ್: ಪದ್ಮಿನಿ ಬಾಗಿಲ ಪ್ಯಾನೆಲ್ ಉಳದ್ವು

ಬೆಳಗಾವಿ ಮಳಿ ನೀರಿಗೆ ಉಬ್ಬಿದ, ಅಪ್ಪಾರ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಡೋರ್ ಪ್ಯಾನೆಲ್ (ಬಾಗಿಲ ಒಳಮೈ ಹೊದಿಕಿ) ಉಳಸ್ಬೇಕೋ, ಹೊಸಾವು ಹಾಕಿಸ್ಬೇಕೋ ಅಂತ ಕೇಳಿದ್ದೆನಲ್ಲ? ಉಳದಾವ್ರಿ. ಕೊಳೆತದ್ದು ಹಿಂದಿನ ಹಾರ್ಡ್‌ಬೋರ್ಡ್ ಅಷ್ಟ, ರೆಕ್ಸಿನ್ ಗಟ್ಟಿ ಇತ್ತು. ಖಡೇಬಜಾರ್ ಕಡೆ ಸೀಟ್ ಹೊಲಿಯೋ ಕಾಕಾ ಹೇರ್ ಡ್ರೈಯರ್‌ಲೆ ಬಿಸಿ ಮಾಡಿ, ಹಂಚಿನಿಂದ ಹೋಳಿಗಿ ಎಬ್ಬಿಸಿದಂಗ ಮೂಲಿಯಿಂದ ಮೆಲ್ಲಕ ಸುಲದ್ರು. ಹಳೇ ಬೋರ್ಡ್ ಅಳತಿಗೆ 3 ಮಿ.ಮೀ. ಹೊಸಾದು ಕತ್ತರಿಸಿ, ಅಂಚಿಗೆ ವಾರ್ನಿಷ್ ಬಳದು, ಅದ ರೆಕ್ಸಿನ್ ಅಂಟಿಸಿದ್ರು. ಅಪ್ಪಾರ ಮೊಣಕೈ ತಿಕ್ಕಿ ಸವದ ಜಾಗ ಹಂಗ ಐತಿ. ಬೇಕಂತಲೇ ಬಿಟ್ಟೇನಿ.

ಖರೇ ಕಳ್ಳ ಬ್ಯಾರೇನ: ಬಾಗಿಲ ತಳದಾಗ ನೀರು ಹೋಗೋ ತೂತು ಮಣ್ಣು ತುಂಬಿ ಮುಚ್ಚಿದ್ವು, ಒಳಗಿನ ಪ್ಲಾಸ್ಟಿಕ್ ಹಾಳಿ ಹರಿದಿತ್ತು. ಎರಡೂ ಸರಿ ಮಾಡ್ದೆ. ಬಿಚ್ಚುವಾಗ ಮುರಿದ ಎರಡು ಕ್ಲಿಪ್ ಮಾತ್ರ ಇನ್ನೂ ಸಿಕ್ಕಿಲ್ರಿ.